ಹಗಲಿನಲ್ಲಿ ಬನ್ನಿ

ನನ್ನ ಅಕ್ಕ ವೇದವತಿಗೆ, ಮಾರುವವರು ಯಾವುದನ್ನು ಹೊಗಳುತ್ತಾರೋ ಅದರ ಮೇಲೇ ಮೊದಲ ಅನುಮಾನ. ಗಾಂಧಿಬಜಾರಿನಲ್ಲಿ ತರಕಾರಿಯವನು "ಇದು ತಗೊಳ್ಳಿ ಅಮ್ಮ, ಎಳೇ ಬದನೆಕಾಯಿ" ಎಂದರೆ ಸಾಕು, ಅವಳ ಕೈ ಅವನ ಬೆನ್ನ ಹಿಂದಿನ ಬುಟ್ಟಿಗೆ ಹೋಗುತ್ತಿತ್ತು. ಸ್ವೀಡನ್ನಿಗೆ ಬಂದು ಇಷ್ಟು ವರ್ಷವಾದರೂ ಆ ಬುದ್ಧಿ ಬಿಟ್ಟಿಲ್ಲ. ಯೋನ್‌ಶೋಪಿಂಗಿನ ಬೇಕರಿಯ ಹುಡುಗಿ ಪಾಪ, "ಅದು ನಿನ್ನೆಯದು, ಇದು ಈಗ ತಾನೇ ಬಂದದ್ದು" ಎಂದು ಇದ್ದದ್ದನ್ನೇ ಹೇಳುತ್ತಾಳೆ. ನಮ್ಮಕ್ಕ ನಿನ್ನೆಯ ಬ್ರೆಡ್ಡನ್ನೇ ಮನೆಗೆ ತಂದು, ಗೆದ್ದು ಬಂದವಳ ಹಾಗೆ ಟೇಬಲ್ಲಿನ ಮೇಲಿಟ್ಟು, ನಮಗೆಲ್ಲ ತಿನ್ನಿಸುತ್ತಾಳೆ. ಬ್ರೆಡ್ಡಾದರೆ ಕಾಫಿಯಲ್ಲಿ ಅದ್ದಿ ತಿನ್ನಬಹುದು. ಅವಳು ಕುದುರೆಯನ್ನೂ ಹಾಗೆಯೇ ಆರಿಸಿದಳು.

ಕುದುರೆ ಬೇಕಾಗಿದ್ದದ್ದು ಅವಳ ಮಗಳು ಚಿನ್ಮಯಿಗೆ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಸಂಗೀತಕ್ಕೋ ಭರತನಾಟ್ಯಕ್ಕೋ ಕಳಿಸುವ ಹಾಗೆ ಇಲ್ಲಿ ಕುದುರೆ ಸವಾರಿಗೆ ಕಳಿಸುತ್ತಾರೆ. ಚಿನ್ಮಯಿ ಏಳನೆಯ ವರ್ಷಕ್ಕೆ ಹೋದವಳು, ಹದಿಮೂರಾದರೂ ಲಾಯದಿಂದ ಮನೆಗೆ ಬರುವ ಲಕ್ಷಣವಿರಲಿಲ್ಲ. ಸ್ವಂತದ್ದೊಂದು ಕುದುರೆ ಬೇಕು, ಅದೂ ಚುಕ್ಕೆಯ ಕುದುರೆಯೇ ಆಗಬೇಕು ಎಂದು ಎರಡು ವರ್ಷ ಹಟ ಹಿಡಿದಳು. ನಾನು ಆಗ ಕಾರ್ಲ್‌ಸ್ಕ್ರೂನಾದಲ್ಲಿ ಟೆಲಿಕಾಂ ಸಾಫ್ಟ್‌ವೇರಿನ ಕೆಲಸದಲ್ಲಿದ್ದೆ. ಮದುವೆಯಾಗದ ಸೋದರಮಾವ, ಮೇಲಾಗಿ ಕಾರಿರುವವನು. ಭಾವ ಮಹಾಬಲೇಶ್ವರ ದೊಡ್ಡ ಎಂಜಿನಿಯರ್, ಆದರೆ ಈ ದೇಶದ ಡ್ರೈವಿಂಗ್ ಪರೀಕ್ಷೆ ಅವರಿಗೆ ಇವತ್ತಿಗೂ ಒಲಿದಿಲ್ಲ. ಹಾಗಾಗಿ ರಜೆ ಸಿಕ್ಕಾಗಲೆಲ್ಲ ನಾನು ಅಲ್ಲಿಗೆ ಹೋಗುವುದು, ಚಿನ್ಮಯಿ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿಕೊಂಡು ಪಾಠ ಮಾಡುವುದು.

"ಮಾಮ, ಇದು ಲೆಪರ್ಡ್, ಬಿಳಿ ಮೈತುಂಬಾ ಚುಕ್ಕೆ. ಇದು ಬ್ಲಾಂಕೆಟ್, ಹಿಂದ್ಗಡೆ ಮಾತ್ರ ಬಿಳಿ, ಅದ್ರಲ್ಲಿ ಚುಕ್ಕೆ. ಬರೀ ಮೈ ಬಣ್ಣ ನೋಡಿ ಹೇಳಕ್ಕಾಗಲ್ಲ. ಮೂತಿ ನೋಡ್ಬೇಕು, ಕಣ್ಣಿನ ಸುತ್ತ ನೋಡ್ಬೇಕು. ಅಲ್ಲಿ ಸ್ಕಿನ್ ಪಿಂಕು, ಕಪ್ಪು ಮಿಕ್ಸ್ ಆಗಿರುತ್ತೆ. ಹೂಫ್, ಗೊರಸು ಅಂತೀಯಲ್ಲ, ಅದ್ರ ಮೇಲೆ ಉದ್ದುದ್ದ ಗೆರೆ ಇರುತ್ತೆ. ಅದಿದ್ರೆ ನಿಜವಾದ ಚುಕ್ಕೆ ಕುದುರೆ."

"ಮೂತಿ ಎಲ್ಲಾ ಹೀಗೆ ಮಚ್ಚೆಮಚ್ಚೆ ಇದ್ರೆ ಕಾಯಿಲೆ ಅನ್ಕೊಳಲ್ವೇನೇ ಜನ?" ಎಂದೆ, ಸುಮ್ಮನೆ ರೇಗಿಸಲು.

"ಕಾಯಿಲೆ ಅಲ್ಲ ಮಾಮ. ಇದನ್ನೇ ಹುಡುಕ್ಕೊಂಡು ಬರ್ತಾರೆ ಜನ," ಎಂದಳು. ಅಂಗಿಯ ತೋಳನ್ನು ಬೆರಳಿನ ತನಕ ಎಳೆದುಕೊಂಡಳು.

ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಚಿನ್ಮಯಿಗೆ ತೊನ್ನು. ಹನ್ನೊಂದನೆಯ ವರ್ಷದಲ್ಲಿ ಬೆರಳ ತುದಿಯಲ್ಲಿ ಕಾಣಿಸಿಕೊಂಡದ್ದು ಮುಂಗೈಗೆ ಏರಿ, ಬಲಗಣ್ಣಿನ ಕೊನೆಗೂ ಬಂದಿತ್ತು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ, 'ಅದು' ಎನ್ನುತ್ತಾರೆ. "ಅದು ಕಡಿಮೆ ಆಯ್ತಾ?" "ಅದಕ್ಕೆ ಬಸವನಗುಡಿ ಪಂಡಿತರ ಎಣ್ಣೆ ಬಂದಿದೆ." ಅಕ್ಕ ದಿನಾ ಬೆಳಿಗ್ಗೆ ಮಗಳ ಕಣ್ಣಿನ ಕೊನೆಗೆ ಫೌಂಡೇಷನ್ ಹಚ್ಚಿ, ಕೈಗೆ ಗವಸು ಹಾಕಿಸಿ ಕಳಿಸುತ್ತಿದ್ದಳು. ಊರಿನ ಯಾರಿಗೂ ಫೋಟೋ ಕಳಿಸುವುದನ್ನು ನಿಲ್ಲಿಸಿದ್ದಳು. ಲಾಯದಲ್ಲಿ ಮಾತ್ರ ಯಾರ ಕೈಯೂ ಚೊಕ್ಕಟವಾಗಿರುವುದಿಲ್ಲ, ಎಲ್ಲರೂ ಗವಸು ಹಾಕುತ್ತಾರೆ. ಹುಡುಗಿ ಅಲ್ಲೇ ಬೀಡುಬಿಟ್ಟದ್ದು ಅದಕ್ಕೂ ಇರಬಹುದು.

ಅಕ್ಕನನ್ನು ಕೆಟ್ಟವಳೆನ್ನಲು ನನಗೆ ಮನಸ್ಸು ಬರುವುದಿಲ್ಲ. ನಾವಿಬ್ಬರೂ ವಸಂತಿ ಚಿಕ್ಕಮ್ಮನನ್ನು ನೋಡಿ ಬೆಳೆದವರು. ಮನೆಗೆ ಯಾರಾದರೂ ಬಂದರೆ, ಯಾರೂ ಹೇಳಬೇಕಾಗಿರಲಿಲ್ಲ, ಚಿಕ್ಕಮ್ಮ ತಾವಾಗಿಯೇ ಎದ್ದು ಒಳಕೋಣೆಗೆ ಹೋಗುತ್ತಿದ್ದರು. ಅವರನ್ನು ನೋಡಲು ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು ಹೋದರು, ಒಬ್ಬರೂ ತಿರುಗಿ ಬರಲಿಲ್ಲ. ಚಿನ್ಮಯಿಯ ಬೆರಳಿನಲ್ಲಿ ಮೊದಲ ಬಿಳಿ ಕಲೆ ಕಂಡ ದಿನ ಅಕ್ಕ ನನಗೆ ಫೋನ್ ಮಾಡಿ, "ಶಿವು, ಚಿಕ್ಕಮ್ಮಂದು ಬಂದ್ಬಿಡ್ತು ಕಣೋ" ಎಂದು ಅತ್ತಿದ್ದಳು. ಅತ್ತದ್ದು ಅದೊಂದೇ ಸಲ. ಆಮೇಲೆ ಮುಚ್ಚುವುದಕ್ಕೆ ನಿಂತಳು.

ಎರಡು ಸಾವಿರದ ಎಂಟರ ಆಗಸ್ಟಿನಲ್ಲಿ ಭಾವ "ನೋಡೋಣ" ಎನ್ನುವುದನ್ನು ಬಿಟ್ಟು "ಹೂಂ" ಎಂದರು. ವಾರ್ನಾಮೋ ಕಡೆಯ ಹಳ್ಳಿಯೊಂದರಲ್ಲಿ ಗುನಿಲ್ಲಾ ಎಂಬ ಅರವತ್ತು ದಾಟಿದ ಹೆಂಗಸು ಚುಕ್ಕೆಯ ಕುದುರೆಗಳನ್ನು ಸಾಕುತ್ತಿದ್ದಳು. ಸೊಂಟದ ಆಪರೇಷನ್ನು ನಿಗದಿಯಾದ್ದರಿಂದ ಎಲ್ಲವನ್ನೂ ಮಾರಿ, ತೋಟವನ್ನೂ ಕೊಟ್ಟು, ಮಗನ ಊರಿಗೆ ಹೋಗುವವಳಿದ್ದಳು. ನಾವು ನಾಲ್ವರೂ ಹೋದೆವು.

ಕೋಲೂರಿಕೊಂಡು ಬಂದ ಗುನಿಲ್ಲಾ ಮೊದಲು ತೋರಿಸಿದ್ದು ಡೊಮಿನೋ ಎಂಬ ಕುದುರೆಯನ್ನು. ಬಿಳಿ ಮೈತುಂಬ ಗೋಲಿಯಷ್ಟು, ಲಿಂಬೆಹಣ್ಣಿನಷ್ಟು ಕಪ್ಪು ಚುಕ್ಕೆಗಳು. ಮೂತಿ ಪೂರ್ತಿ ಮಚ್ಚೆ. ಚಿನ್ಮಯಿ ಗವಸು ಬಿಚ್ಚಿ ಅದರ ಮೂತಿಯನ್ನು ಮುಟ್ಟಿದಳು. ಬೇರೆಯವರ ಎದುರು ಅವಳು ಗವಸು ಬಿಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕುದುರೆ ಅವಳ ಬಿಳಿ ಬೆರಳುಗಳನ್ನು ಮೂಸಿ, ಹಸಿವಾದದ್ದರ ಹಾಗೆ ನೆಕ್ಕಿತು. ಹುಡುಗಿ ನಕ್ಕಳು.

ಅಕ್ಕನ ಮುಖ ನೋಡಿದೆ. ಅವಳು ಕುದುರೆಯ ಮೂತಿಯನ್ನೂ ಮಗಳ ಕೈಯನ್ನೂ ಒಟ್ಟಿಗೆ ನೋಡುತ್ತಿದ್ದಳು, ಆ ಎರಡು ಹತ್ತಿರ ಇರುವುದನ್ನು ನೋಡಲಾರದವಳ ಹಾಗೆ.

"ಅದು ಯಾವುದು?" ಎಂದು ಪಕ್ಕದ ಬೇಲಿಯತ್ತ ಕೈ ತೋರಿಸಿದಳು. ಅಲ್ಲಿ ಒಂದು ಹೆಣ್ಣು ಕುದುರೆ ಮೇಯುತ್ತಿತ್ತು. ಹಾಲಿನಲ್ಲಿ ತೊಳೆದಂಥ ಬಿಳುಪು, ಎಲ್ಲೋ ಕಿವಿಯ ಹತ್ತಿರ ಒಂದೆರಡು ಕಂದು ಚುಕ್ಕೆ ಬಿಟ್ಟರೆ ಮೈಮೇಲೆ ಏನೂ ಇಲ್ಲ.

"ಅವಳು ಲಿಲ್ಯಾ," ಎಂದಳು ಗುನಿಲ್ಲಾ. "ತುಂಬ ಒಳ್ಳೆಯವಳು. ಆದರೆ ಮಗುವಿಗೆ ಬೇಡ. ಅವಳನ್ನು ಮರಿ ಮಾಡಿಸುವವರು ತೆಗೆದುಕೊಳ್ಳಬೇಕು, ಅವಳಿಗೆ ಹುಟ್ಟುವ ಎಲ್ಲ ಮರಿಗೂ ಚುಕ್ಕೆ ಬರುತ್ತದೆ. ಸವಾರಿಗಾದರೆ ಕತ್ತಲಲ್ಲಿ ಕಷ್ಟ. ಇಷ್ಟು ಬಿಳಿಯಾಗಿ ಹುಟ್ಟಿದವುಗಳಿಗೆ ರಾತ್ರಿ ಕಾಣುವುದಿಲ್ಲ. ಮಗುವಿಗೆ ಡೊಮಿನೋನೇ ಸರಿ."

ಸ್ಪಷ್ಟವಾದ ಸ್ವೀಡಿಷ್. ನಮಗೆಲ್ಲರಿಗೂ ಚೆನ್ನಾಗಿ ಅರ್ಥವಾಯಿತು. ಅಕ್ಕನಿಗೂ ಅರ್ಥವಾಯಿತು. ಅದೇ ತೊಂದರೆ.

ಅವಳು ಕನ್ನಡಕ್ಕೆ ತಿರುಗಿ, "ನೋಡಿದ್ಯಾ ಶಿವು? ಮಚ್ಚೆ ಕುದುರೆನ ಹೆಂಗೆ ಕಟ್ಟಕ್ಕೆ ನೋಡ್ತಿದಾಳೆ. ಒಳ್ಳೇದನ್ನ ಬೇರೆಯವರಿಗೆ ಇಟ್ಕೊಂಡಿದಾಳೆ. ಕತ್ಲಲ್ಲಿ ಕಾಣಲ್ವಂತೆ! ನಂಗೂ ಕಾಣಲ್ಲ," ಎಂದಳು.

"ಅಕ್ಕ, ಇಲ್ಲಿಯವರು ಹಂಗೆಲ್ಲ ಸುಳ್ಳು ಹೇಳಲ್ಲ ಕಣೆ. ಆಯಮ್ಮ ತನ್ನ ಮಾಲನ್ನ ತಾನೇ ಬೇಡ ಅಂತಿದಾಳೆ ಅಂದ್ರೆ..."

"ನೀನು ಸುಮ್ನಿರು. ನಿಂಗೆ ಬದನೆಕಾಯಿ ತರೋಕೇ ಬರಲ್ಲ."

ಭಾವನ ಕಡೆ ನೋಡಿದೆ. ಅವರು ಮೋಡ ನೋಡುತ್ತಿದ್ದರು. ಚಿನ್ಮಯಿ ಡೊಮಿನೋನ ಕತ್ತಿನ ಮೇಲೆ ಕೈಯಿಟ್ಟುಕೊಂಡೇ, "ಅಮ್ಮ, ನಂಗೆ ಇದೇ ಬೇಕು. ಚುಕ್ಕೆ ಇರೋದು," ಎಂದಳು.

"ಚಿನ್ನು, ಮೈಮೇಲೆ ಅಷ್ಟೊಂದು ಕಲೆ ಇರೋದನ್ನ ಯಾರಾದ್ರೂ ದುಡ್ಡು ಕೊಟ್ಟು ಮನೆಗೆ ತರ್ತಾರಾ?" ಎಂದಳು ಅಕ್ಕ. ಕೂಗಿ ಹೇಳಲಿಲ್ಲ. ಮುದ್ದಾಗಿಯೇ ಹೇಳಿದಳು.

ಚಿನ್ಮಯಿ ಗವಸು ಹಾಕಿಕೊಂಡು ಸ್ವೀಡಿಷ್ ರಾಗದಲ್ಲಿ "ಒಕೇ" ಎಂದಳು. ಪಶುವೈದ್ಯರು ಹಗಲಿನಲ್ಲೇ ಬಂದು, ಕಾಲು, ಹಲ್ಲು, ಎದೆ ಎಲ್ಲ ನೋಡಿ ಸರಿಯಿದೆ ಎಂದರು. ಲಿಲ್ಯಾಳನ್ನು ಟ್ರೇಲರಿಗೆ ಹತ್ತಿಸುವಾಗ ಗುನಿಲ್ಲಾ ಅಕ್ಕನ ತೋಳು ಹಿಡಿದು ಇನ್ನೊಂದು ಸಲ ಹೇಳಿದಳು: "ಚಳಿಗಾಲದಲ್ಲಿ ದೀಪ ಇಲ್ಲದ ಕಡೆ ಅವಳನ್ನು ಬಿಡಬೇಡಿ." ಅಕ್ಕ ನಗುನಗುತ್ತ ತಲೆಯಾಡಿಸಿದಳು. ಆಗಸ್ಟಿನಲ್ಲಿ ಇಲ್ಲಿ ರಾತ್ರಿ ಊಟ ಮುಗಿದರೂ ಬೆಳಕು. ಕತ್ತಲು ಎಂಬುದು ಆಗ ಯಾರ ನೆನಪಿನಲ್ಲೂ ಇರುವುದಿಲ್ಲ.

ಹುಸ್ಕ್ವಾರ್ನಾದ ಗುಡ್ಡದ ಮೇಲೆ ಬ್ರಿಟ್ಟಾ ಎಂಬವಳ ಲಾಯದಲ್ಲಿ ಲಿಲ್ಯಾಳಿಗೆ ಜಾಗ ಹಿಡಿದರು. ಅಕ್ಕ ಅವಳನ್ನು ಗೌರಿ ಎಂದು ಕರೆದಳು, ಮೊದಲ ದಿನ ಹಣೆಗೆ ಕುಂಕುಮವಿಟ್ಟು ಬೆಲ್ಲ ತಿನ್ನಿಸಿದಳು. ಚಿನ್ಮಯಿ ಮೊದಮೊದಲು ಕರ್ತವ್ಯಕ್ಕೆಂಬಂತೆ ಮೈ ಉಜ್ಜುತ್ತಿದ್ದವಳು ಸೆಪ್ಟೆಂಬರಿನ ಹೊತ್ತಿಗೆ ಶಾಲೆ ಬಿಟ್ಟೊಡನೆ ಅಲ್ಲಿಗೇ ಓಡತೊಡಗಿದಳು. ಅಂಥ ಸಾಧು ಕುದುರೆ. ಹಗಲಿನಲ್ಲಿ ಅದರ ಬೆನ್ನ ಮೇಲೆ ಕೂತು ಹುಡುಗಿ ಕಾಡಿನ ದಾರಿಯಲ್ಲಿ ಹೋಗುತ್ತಿದ್ದರೆ ನಮ್ಮಕ್ಕ ಹೆಮ್ಮೆಯಿಂದ ನನ್ನ ಕಡೆ ನೋಡುತ್ತಿದ್ದಳು, ಬದನೆಕಾಯಿ ಗೆದ್ದ ಅದೇ ನೋಟ.

ಒಂದು ಶನಿವಾರ ನಾನು ಹೋದಾಗ ಚಿನ್ಮಯಿ ಪೈಪಿನಲ್ಲಿ ನೀರು ಬಿಟ್ಟು ಲಿಲ್ಯಾಳ ಮೈ ತೊಳೆಯುತ್ತಿದ್ದಳು. "ಮಾಮ, ಬಾ, ಒಂದು ತೋರಿಸ್ತೀನಿ," ಎಂದಳು. ನೀರು ಬಿದ್ದು ಬಿಳಿ ಕೂದಲು ಮೈಗಂಟಿತ್ತು. ಅದರ ಅಡಿಯಲ್ಲಿ ಚರ್ಮ ಕಾಣುತ್ತಿತ್ತು. ಕತ್ತಿನಿಂದ ಬಾಲದ ತನಕ ಪಿಂಕು, ಅದರಲ್ಲಿ ಬೂದು, ಕಪ್ಪು ಮಚ್ಚೆಗಳು.

"ಇವಳಿಗೂ ಇದೆ," ಎಂದಳು. "ಡೊಮಿನೋಗಿಂತ ಡಬಲ್ ಇದೆ. ಚುಕ್ಕೆ ತರೋ ಗುಣ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದ್ರೆ ಚುಕ್ಕೆ. ಅಪ್ಪ ಅಮ್ಮ ಇಬ್ಬರಿಂದಾನೂ ಬಂದ್ರೆ ಬಿಳಿ ಜಾಸ್ತಿಯಾಗಿ ಚುಕ್ಕೆಗೆ ಜಾಗನೇ ಇರಲ್ಲ. ಅಮ್ಮ ಚುಕ್ಕೆ ಬೇಡ ಅಂತ ಹೇಳಿ ಎಲ್ಲಾರ್ಗಿಂತ ಚುಕ್ಕೆ ಇರೋಳನ್ನೇ ತಂದಳು." ನಕ್ಕಳು. ಆಮೇಲೆ ದನಿ ತಗ್ಗಿಸಿ, "ಡಬಲ್ ಇರೋರಿಗೇ ನೈಟ್ ಬ್ಲೈಂಡ್‌ನೆಸ್ ಇರೋದಂತೆ. ಈಗ ರಿಸರ್ಚ್ ಮಾಡಿ ಬರ್ದಿದಾರೆ. ಗುನಿಲ್ಲಾ ಹೇಳಿದ್ದು ನಿಜ ಮಾಮ. ಅಮ್ಮಂಗೆ ಹೇಳ್ಬೇಡ," ಎಂದಳು.

ನಾನು ಅವತ್ತೇ ಅಕ್ಕನಿಗೆ ಹೇಳಿದೆ. "ಇಂಟರ್ನೆಟ್‌ನಲ್ಲಿ ಏನ್ ಬೇಕಾದ್ರೂ ಬರೀತಾರೆ," ಎಂದಳು. ಜಗಳವಾಡಿ ಊಟ ಬಿಟ್ಟು ಕಾರ್ಲ್‌ಸ್ಕ್ರೂನಾಕ್ಕೆ ವಾಪಸು ಬಂದೆ. ಅದರಿಂದ ನಷ್ಟವಾದದ್ದು ನನ್ನ ಊಟ ಒಂದೇ.

ಅಕ್ಟೋಬರ್ ಕೊನೆಗೆ, ಇಲ್ಲಿ ಪ್ರತಿ ಚಳಿಗಾಲಕ್ಕೂ ಮಾಡುವ ಹಾಗೆ, ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿತು. ಮರುದಿನದಿಂದ, ಚಿನ್ಮಯಿ ಶಾಲೆ ಮುಗಿಸಿ ಬಸ್ಸು ಹಿಡಿದು ಲಾಯ ಮುಟ್ಟುವಷ್ಟರಲ್ಲಿ ಕತ್ತಲು. ಮೇಯಲು ಬಿಟ್ಟ ಕುದುರೆಗಳನ್ನು ಒಳಗೆ ತರುವ ಹೊತ್ತಿಗೆ ಲಿಲ್ಯಾ ಬೇಲಿಯ ಮೂಲೆಯಲ್ಲಿ ಅಲುಗಾಡದೆ ನಿಂತಿರುತ್ತಿದ್ದಳು. ಕತ್ತು ಮೇಲಕ್ಕೆತ್ತಿ, ಏನೋ ಹುಡುಕುವಂತೆ ಆಕಾಶ ನೋಡುತ್ತ, ಮೈಯೆಲ್ಲ ನಡುಗುತ್ತ. ಚಿನ್ಮಯಿ ಹಾಡುತ್ತ ಹತ್ತಿರ ಹೋಗಿ, ಹಾಡು ನಿಲ್ಲಿಸದೆ ಹೆಜ್ಜೆ ಹೆಜ್ಜೆಗೂ ನಡೆಸಿಕೊಂಡು ಬರುತ್ತಿದ್ದಳು. ಅವಳ ದನಿಯೊಂದನ್ನು ಹಿಡಿದು ಆ ದೊಡ್ಡ ಪ್ರಾಣಿ ನಡೆಯುತ್ತಿತ್ತು. ನಾನು ತಲೆಗೆ ಕಟ್ಟುವ ದೀಪ, ಕಂಬಕ್ಕೆ ಹಾಕುವ ದೀಪ, ಎಲ್ಲ ತಂದೆ. ದೀಪದ ಬೆಳಕು ಮುಗಿಯುವ ಗೆರೆಯ ಹತ್ತಿರ ಬಂದೊಡನೆ ಬಾವಿಯಂಚಿಗೆ ಬಂದವಳ ಹಾಗೆ ಅವಳು ಹಿಂದಕ್ಕೆ ಜಿಗಿಯುತ್ತಿದ್ದಳು. ವೈದ್ಯರನ್ನು ಕೇಳಿದೆವು. ಹುಟ್ಟಿನಿಂದ ಬಂದದ್ದು, ಔಷಧಿಯಿಲ್ಲ, ಇದಕ್ಕಿಂತ ಹೆಚ್ಚಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ ಎಂದರು.

ನವೆಂಬರಿನ ಒಂದು ಸಂಜೆ ಚಿನ್ಮಯಿಗೆ ಜ್ವರವಿತ್ತು. ಲಾಯದ ಬೇರೊಬ್ಬ ಹುಡುಗಿ ಲಿಲ್ಯಾಳನ್ನು ಒಳಗೆ ತರಲು ಹೋಗಿ, ಮಾತಾಡಿಸದೆ ಕತ್ತಿಗೆ ಕೈ ಹಾಕಿದಳು. ಕುದುರೆ ಬೆದರಿ ಅವಳನ್ನು ಬಾಗಿಲಿನ ಚೌಕಟ್ಟಿಗೆ ಒತ್ತಿಹಾಕಿತು. ಹುಡುಗಿಯ ಕಾಲರ್‌ಬೋನ್ ಮುರಿಯಿತು. ಬ್ರಿಟ್ಟಾ ಕೆಟ್ಟವಳಲ್ಲ. ಅವಳಿಗೂ ಅಳು ಬಂದಿತ್ತು. ಕ್ರಿಸ್ಮಸ್ಸಿನೊಳಗೆ ಕುದುರೆ ಇಲ್ಲಿಂದ ಹೋಗಬೇಕು ಎಂದಳು.

ಆಮೇಲೆ ನಾವು ಮಾಡದ ಫೋನಿಲ್ಲ. ಗುನಿಲ್ಲಾ ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. "ನನ್ನ ಹತ್ತಿರ ಈಗ ಒಂದು ಬೆಕ್ಕನ್ನು ಇಟ್ಟುಕೊಳ್ಳಲೂ ಜಾಗವಿಲ್ಲ" ಎಂದಳು. ತಾನು ಮೊದಲೇ ಹೇಳಿದ್ದೆ ಎಂಬ ಮಾತನ್ನು ಅವಳು ಆಡಲೇ ಇಲ್ಲ. ಆಡಿದ್ದರೆ ಜಗಳಕ್ಕಾದರೂ ದಾರಿಯಿರುತ್ತಿತ್ತು. ಆ ವರ್ಷ ಬ್ಯಾಂಕುಗಳು ಮುಳುಗಿ ಎಲ್ಲರೂ ಕೈ ಬಿಗಿಹಿಡಿದಿದ್ದರು, ಮರಿ ಮಾಡಿಸುವವರು ಇದ್ದ ಕುದುರೆಗಳನ್ನೇ ಮಾರುತ್ತಿದ್ದರು. ಬೇರೆ ಲಾಯದವರು ವಿಷಯ ಕೇಳಿದೊಡನೆ ಕ್ಷಮೆ ಕೇಳಿ ಫೋನಿಟ್ಟರು. ಯಾರಿಗೂ ಬೇಡವಾದ ಕುದುರೆಗೆ ಇಲ್ಲಿ ಏನು ಮಾಡುತ್ತಾರೆಂದು ಕೇಳಬೇಕಾಗಿರಲಿಲ್ಲ. ವೈದ್ಯರು ಬಂದು ಸೂಜಿ ಚುಚ್ಚುತ್ತಾರೆ. ಚಿನ್ಮಯಿಗೆ ಅದು ನಮಗಿಂತ ಮೊದಲೇ ಗೊತ್ತಿತ್ತು.

ಆಗ ಅಕ್ಕ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. ಪೇಪರಿನಲ್ಲಿ ಜಾಹೀರಾತು ಕೊಟ್ಟಳು: ಬಿಳಿ ಹೆಣ್ಣು ಕುದುರೆ, ಸಾಧು ಸ್ವಭಾವ, ಮಕ್ಕಳಿಗೆ ತಕ್ಕದ್ದು. ನೋಡಲು ಬರುವವರು ಮಧ್ಯಾಹ್ನ ಹನ್ನೆರಡಕ್ಕೆ ಬರಬೇಕು.

"ಅಕ್ಕ, ಇದು ತಪ್ಪು," ಎಂದೆ.

"ಹಗಲು ಹೊತ್ತಲ್ಲಿ ಅದಕ್ಕೆ ಏನ್ ಕೊರತೆ ಇದೆ ಹೇಳು? ಸುಳ್ಳು ಹೇಳ್ತಿದೀನಾ ನಾನು? ಹೇಳ್ತಿಲ್ಲ ಅಷ್ಟೆ. ಅದರ ಜೀವ ಉಳಿಯುತ್ತೆ ಕಣೋ. ಇನ್ನೊಂದು ದಾರಿ ಇದ್ರೆ ನೀನೇ ತೋರ್ಸು."

ನನ್ನ ಹತ್ತಿರ ಕೋಪ ಮಾತ್ರ ಇತ್ತು, ಅದನ್ನು ಯಾರ ಮೇಲೆ ಹಾಕುವುದೋ ತಿಳಿಯಲಿಲ್ಲ.

ಚಿನ್ಮಯಿ ಒಪ್ಪಲಿಲ್ಲ. ಇಲ್ಲಿಯ ಶಾಲೆಯಲ್ಲಿ ಕಲಿತ ಹುಡುಗಿ, ಬಂದವರಿಗೆ ಹೇಳಿಬಿಡುತ್ತೇನೆ ಎಂದಳು. ಆಗ ಅಕ್ಕ ಮಗಳ ಗವಸು ಬಿಚ್ಚಿ, ಆ ಕೈಯನ್ನು ತನ್ನ ನೆತ್ತಿಯ ಮೇಲೆ ಒತ್ತಿ ಹಿಡಿದಳು. "ಬಂದವರ ಹತ್ರ ಇದರ ಬಗ್ಗೆ ಬಾಯಿ ಬಿಡಲ್ಲ ಅಂತ ನನ್ನ ತಲೆ ಮುಟ್ಟಿ ಆಣೆ ಮಾಡು. ಬಿಟ್ರೆ ನಿಮ್ಮಮ್ಮನ್ನ ನೀನು ಕೊಂದಂಗೆ." ಇಂಗ್ಲಿಷ್ ಬೆರೆಸದೆ ಕನ್ನಡ ಆಡಲು ಬಾರದ ಹುಡುಗಿಗೆ ಆಣೆ ಎಂದರೇನೆಂದು ಮಾತ್ರ ಪೂರ್ತಿ ಗೊತ್ತಿತ್ತು. ಕೈ ಎಳೆದುಕೊಳ್ಳಲು ನೋಡಿದಳು, ಆಗಲಿಲ್ಲ. "ಮಾಡ್ದೆ," ಎಂದಳು.

ಬಂದದ್ದು ಒಬ್ಬ ಅಪ್ಪ, ಅವನ ಎಂಟೊಂಬತ್ತು ವರ್ಷದ ಮಗಳು ಎಬ್ಬಾ. ದಾರಿಯಲ್ಲಿ ಮಂಜು ಕಟ್ಟಿ ಜಾರುತ್ತಿದ್ದುದರಿಂದ ಅವರು ಮುಟ್ಟಿದ್ದೇ ಒಂದೂವರೆಗೆ. ಡಿಸೆಂಬರಿನಲ್ಲಿ ಇಲ್ಲಿ ಒಂದೂವರೆ ಎಂದರೆ ಹಗಲು ಆಗಲೇ ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತು. ಅಕ್ಕನಿಗೆ ಬೆಳಿಗ್ಗೆಯಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಡಬ್ಬಿಯಲ್ಲಿ ಕೇಸರಿಬಾತು, ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಳು. ಭಾವನಿಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಸಿದ್ದಳು. ಚಿನ್ಮಯಿಯ ಕಣ್ಣಿನ ಕೊನೆಗೆ ಫೌಂಡೇಷನ್ನು ಇನ್ನೊಂದು ಪದರ ಬಿದ್ದಿತ್ತು. ನಾವು ಹೆಣ್ಣು ತೋರಿಸಲು ನಿಂತವರ ಹಾಗೆ ಲಾಯದ ಬಾಗಿಲಲ್ಲಿ ಸಾಲಾಗಿ ನಿಂತೆವು.

ಎಬ್ಬಾ ಲಿಲ್ಯಾಳನ್ನು ನೋಡಿದೊಡನೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಚಿನ್ಮಯಿ ಅವಳನ್ನು ಹತ್ತಿರ ಕರೆದು, ಬ್ರಷ್ಷು ಕೊಟ್ಟು, ಹೇಗೆ ಉಜ್ಜಬೇಕೆಂದು ತೋರಿಸಿದಳು. ಕತ್ತು ಉಜ್ಜಿದರು. ಬೆನ್ನು ಉಜ್ಜಿದರು. ಇನ್ನೊಂದು ಮಗ್ಗುಲಿಗೆ ಹೋಗಿ ಮತ್ತೆ ಕತ್ತಿನಿಂದ ಶುರುಮಾಡಿದರು. ಒಂದೊಂದೇ ಗೊರಸನ್ನು ಎತ್ತಿ, ಅದರ ಮೇಲಿನ ಗೆರೆಗಳನ್ನು ತೋರಿಸಿ, ಚುಕ್ಕೆಯ ಕುದುರೆಯ ಗುರುತು ಇದು ಎಂದು ಚಿನ್ಮಯಿ ಪಾಠ ಹೇಳಿದಳು. ನನಗೆ ಹೇಳಿದ್ದ ಅದೇ ಪಾಠ, ಇನ್ನೂ ನಿಧಾನಕ್ಕೆ.

"ಬೇಗ ಹತ್ತಿಸೇ, ಒಂದು ರೌಂಡ್ ಓಡಿಸ್ಲಿ," ಎಂದಳು ಅಕ್ಕ, ಮುಖದಲ್ಲಿ ನಗು ಇಟ್ಟುಕೊಂಡೇ.

"ಜೂಲು ಹೆಣಿಬೇಕು ಅಮ್ಮ. ಎಬ್ಬಾ ಕಲೀಬೇಕಂತೆ."

ಜೂಲನ್ನು ಹೆಣೆದರು. ಸಣ್ಣ ಸಣ್ಣ ಜಡೆಗಳು, ಕಿವಿಯಿಂದ ಬೆನ್ನ ತನಕ. ಒಂದು ಓರೆಯಾಯಿತೆಂದು ಚಿನ್ಮಯಿ ಎಲ್ಲವನ್ನೂ ಬಿಚ್ಚಿಸಿದಳು. ಆಮೇಲೆ ಜೀನು ಹಾಕುವ ಮೊದಲು ಫಿಕಾ ಆಗಲಿ ಎಂದಳು. ಕಾಫಿ ಕುಡಿಯೋಣ ಎಂದರೆ ಬೇಡ ಎನ್ನುವ ಸ್ವೀಡನ್ನಿನವನು ಇನ್ನೂ ಹುಟ್ಟಬೇಕು. ಎಬ್ಬಾಳ ಅಪ್ಪ ಸಂತೋಷದಿಂದ ಕೂತ. ಅಕ್ಕನ ಕೇಸರಿಬಾತನ್ನೇ ಚಿನ್ಮಯಿ ಅವನಿಗೆ ಎರಡನೆಯ ಸಲ ಬಡಿಸಿದಳು, ಅದಕ್ಕೆ ಬಣ್ಣ ಹೇಗೆ ಬಂತೆಂದು ವಿವರಿಸಿದಳು. ಅಷ್ಟು ಮಾತನಾಡುವ ಹುಡುಗಿಯೇ ಅಲ್ಲ ಅವಳು.

ನನಗೆ ಆಗ ಹೊಳೆಯಿತು. ಕಿಟಕಿಯ ಆಚೆ ಗುಡ್ಡದ ತುದಿ ಕೆಂಪಗಾಗಿತ್ತು. ಚಿನ್ಮಯಿ ಮಾತಿನ ನಡುವೆ ನಡುವೆ ಅತ್ತ ನೋಡುತ್ತಿದ್ದಳು, ನೋಡಿದಾಗಲೆಲ್ಲ ಕೆಳದುಟಿ ಕಚ್ಚಿಕೊಳ್ಳುತ್ತಿದ್ದಳು. ಅವಳು ಕತ್ತಲಿಗೆ ಕಾಯುತ್ತಿದ್ದಳು. ನಾನು ಎದ್ದು "ಹೊತ್ತಾಯಿತು" ಎಂದರೆ ಕುದುರೆ ಮಾರಿಹೋಗುತ್ತದೆ, ಆ ಪುಟ್ಟ ಎಬ್ಬಾ ನಾಳೆ ಸಂಜೆ ಯಾವುದೋ ಬಾಗಿಲ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತಾಳೆ. ಕೂತೇ ಇದ್ದರೆ ಲಿಲ್ಯಾ ಸಾಯುತ್ತಾಳೆ. ಅಕ್ಕ ಕಣ್ಣಿನಲ್ಲೇ ನನ್ನನ್ನು ತಿವಿಯುತ್ತಿದ್ದಳು. ನಾನು ಕೂತಲ್ಲೇ ಕೂತಿದ್ದೆ. ಹದಿಮೂರರ ಹುಡುಗಿ ಒಬ್ಬಳೇ ಇದನ್ನು ಹೊತ್ತಿದ್ದಳು.

ಕುದುರೆಯನ್ನು ಅಂಗಳಕ್ಕೆ ತಂದಾಗ ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು. ಹಿಟ್ಟು ಉದುರಿದಂತೆ ಹಿಮ ಬೀಳುತ್ತಿತ್ತು. ಲಿಲ್ಯಾ ಲಾಯದ ದೀಪದ ಬೆಳಕು ಮುಗಿಯುವಲ್ಲಿಗೆ ಬಂದು ನಿಂತುಬಿಟ್ಟಳು. ಕತ್ತು ಮೇಲೆದ್ದಿತು. ಮೊಣಕಾಲಿನಿಂದ ಶುರುವಾದ ನಡುಕ ಹೆಣೆದ ಜೂಲಿನ ತನಕ ಏರಿತು. ಎಬ್ಬಾ ಮುದ್ದಿನಿಂದ ಮೂತಿಯತ್ತ ಕೈ ಚಾಚಿದಳು. ಆ ಕೈ ತನ್ನನ್ನು ಮುಟ್ಟುವ ತನಕ ಲಿಲ್ಯಾಳಿಗೆ ಅಲ್ಲೊಂದು ಮಗು ಇರುವುದೇ ಗೊತ್ತಿರಲಿಲ್ಲ. ಹೌಹಾರಿ ಹಿಂದಕ್ಕೆ ನೆಗೆದಳು. ಚಿನ್ಮಯಿ ಮೊದಲೇ ಎಬ್ಬಾಳ ಜಾಕೆಟ್ಟನ್ನು ಹಿಡಿದುಕೊಂಡಿದ್ದರಿಂದ ಮಗುವನ್ನು ಪಕ್ಕಕ್ಕೆ ಎಳೆದುಕೊಂಡಳು.

ಎಬ್ಬಾಳ ಅಪ್ಪ ಚಿನ್ಮಯಿಯನ್ನು ನೋಡಿದ. ಅವಳು ತುಟಿ ಬಿಗಿಹಿಡಿದು ನಿಂತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವನು ಅಕ್ಕನ ಕಡೆ ತಿರುಗಿ ಮೆಲ್ಲಗೆ, "ಇವಳಿಗೆ ಕಾಣುವುದಿಲ್ಲ, ಅಲ್ಲವೇ?" ಎಂದ. ಅವನು ಬೈಯಲಿಲ್ಲ. ಕಾಫಿಗೆ ಥ್ಯಾಂಕ್ಸ್ ಹೇಳಿದ, ಮಗಳ ಕೈ ಹಿಡಿದು ಕಾರು ಹತ್ತಿದ. ಭಾವ ಅಭ್ಯಾಸಬಲದಿಂದ ಕೈಯಾಡಿಸಿ ಬೀಳ್ಕೊಟ್ಟರು.

"ನಾನು ಬಾಯಿ ಬಿಟ್ಟಿಲ್ಲ ಅಮ್ಮ," ಎಂದಳು ಚಿನ್ಮಯಿ. "ಆಣೆ ಹಂಗೇ ಇದೆ."

"ಈಗ ಇದಕ್ಕೆ ಏನಾಗುತ್ತೆ ಅಂತ ಗೊತ್ತಾ ನಿಂಗೆ?" ಅಕ್ಕನ ದನಿ ಒಡೆದಿತ್ತು. "ಬದುಕ್ತಿತ್ತಲ್ಲೇ!"

"ಗೊತ್ತು." ಅವಳು ಕೇಳಿದಳು, ತೊದಲದೆ, ಅಚ್ಚ ಕನ್ನಡದಲ್ಲಿ. "ನನ್ನನ್ನ ನೋಡೋಕೆ ಯಾರಾದ್ರೂ ಬಂದಾಗ್ಲೂ ಹಿಂಗೇ ಮಾಡ್ತೀಯಾ ಅಮ್ಮ? ಮುಚ್ಚಿ, ಕೇಸರಿಬಾತು ಕೊಟ್ಟು? ಆಮೇಲೆ ಅವರಿಗೆ ಗೊತ್ತಾದ ದಿನ ನಾನು ಒಬ್ಬಳೇ ಇರ್ತೀನಲ್ಲ, ಇವಳ ಥರ."

ಹಗ್ಗವನ್ನು ಅಮ್ಮನ ಕೈಗೆ ಕೊಟ್ಟು ಅವಳು ಲಾಯದೊಳಗೆ ಹೋದಳು.

ಅಕ್ಕ ಅಂಗಳದಲ್ಲಿ ಹಗ್ಗ ಹಿಡಿದು ನಿಂತಳು. ಲಿಲ್ಯಾ ಹೆಜ್ಜೆ ಕಿತ್ತಿಡಲು ಸಿದ್ಧಳಿರಲಿಲ್ಲ, ಅಕ್ಕನಿಗೆ ಎಳೆಯಲು ಧೈರ್ಯವಿರಲಿಲ್ಲ. ಹಿಮ ಕರಗಿ ಕುದುರೆಯ ಬೆನ್ನು ಒದ್ದೆಯಾಗುತ್ತ ಬಂತು. ನಾನು ಕಾರಿನ ದೀಪ ಹಾಕಿದೆ. ಆ ಬೆಳಕಿನಲ್ಲಿ ಒದ್ದೆ ಕೂದಲಿನ ಅಡಿಯ ಮಚ್ಚೆಗಳೆಲ್ಲ ಅಕ್ಕನಿಗೆ ಕಂಡವು. ಬಹಳ ಹೊತ್ತು ನೋಡಿದಳು. ಲಿಲ್ಯಾ ದನಿಗಾಗಿ ಕಿವಿ ತಿರುಗಿಸುತ್ತಿದ್ದಳು. ಅಕ್ಕನಿಗೆ ಹಾಡು ಬರುವುದಿಲ್ಲ. "ಬಾಮ್ಮ, ಬಾ ಗೌರಿ, ಇಲ್ಲೇ ಇದೀನಿ, ಇಲ್ಲೇ ಇದೀನಿ," ಎಂದು ಅದನ್ನೇ ಹೇಳುತ್ತ, ಅಳುತ್ತ, ಒಂದೊಂದೇ ಹೆಜ್ಜೆ ಒಳಗೆ ಕರೆದುಕೊಂಡು ಹೋದಳು.

ಪಶುವೈದ್ಯರಿಗೆ ಫೋನು ನಾನು ಮಾಡುತ್ತೇನೆಂದೆ. ಅಕ್ಕ ಬಿಡಲಿಲ್ಲ. ಸೋಮವಾರ ಅಡುಗೆಮನೆಯಲ್ಲಿ ನಿಂತು ತಾನೇ ಮಾಡಿದಳು, ಚಿನ್ಮಯಿ ಟೇಬಲ್ಲಿನ ಆಚೆ ಕೂತಿದ್ದಳು. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬರಬಹುದು ಎಂದರು ಅವರು.

"ಬೇಡ," ಎಂದಳು ಅಕ್ಕ. "ಎಂಟಕ್ಕೆ ಇನ್ನೂ ಕತ್ತಲೆ. ಹಗಲಿನಲ್ಲಿ ಬನ್ನಿ, ಮಧ್ಯಾಹ್ನ. ನಮ್ಮ ಕುದುರೆಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ." ಹೊರಗಿನವರೊಬ್ಬರಿಗೆ ಅವಳು ಆ ಮಾತನ್ನು ಹೇಳಿದ್ದು ಅದೇ ಮೊದಲು. "ಅವಳು ಹೆದರಬಾರದು," ಎಂದು ಸೇರಿಸಿ, ಫೋನಿಟ್ಟು, ಸಿಂಕಿನ ಕಡೆ ತಿರುಗಿ ನಿಂತಳು.

ಶುಕ್ರವಾರ ಅಪರೂಪಕ್ಕೆ ಬಿಸಿಲು ಬಂತು. ಚಿನ್ಮಯಿಯ ಕಣ್ಣಿನ ಕೊನೆಯ ಬಿಳಿ ಕಲೆ ಚೆನ್ನಾಗಿ ಕಾಣುತ್ತಿತ್ತು, ಕೈಯಲ್ಲಿ ಗವಸಿರಲಿಲ್ಲ. ಅಷ್ಟು ಚಳಿಯಲ್ಲೂ ಅಕ್ಕ ಹಾಕಿಕೋ ಎನ್ನಲಿಲ್ಲ. ಇಬ್ಬರೂ ಲಿಲ್ಯಾಳ ಎರಡು ಕಡೆ ನಿಂತಿದ್ದರು. ಅವಳು ಆ ದಿನ ಒಂದಿಷ್ಟೂ ನಡುಗಲಿಲ್ಲ. ದೂರದ ತಿರುವಿನಲ್ಲಿ ವೈದ್ಯರ ಕಾರು ಕಂಡೊಡನೆ ಕಿವಿ ನಿಮಿರಿಸಿ, ಯಾರೋ ತನಗಾಗಿ ಬರುತ್ತಿದ್ದಾರೆಂಬಂತೆ ಅತ್ತ ನೋಡಿದಳು. ಅವಳಿಗೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು.